ಮುಚ್ಚಿದ ಕಂಪನಿಗಳು, ಉಳಿದ ಕೋಡ್: ಲಿನಕ್ಸ್‌ಗೆ ಆಟಗಳು ಬಂದ ಕಥೆ

2017ರ ನವೆಂಬರ್‌ನಲ್ಲಿ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಪ್ರಕಟವಾದಾಗ ಆ ಐನೂರಕ್ಕೆ ಐನೂರೂ ಲಿನಕ್ಸ್ ಮೇಲೆ ನಡೆಯುತ್ತಿದ್ದವು. ಆಂಡ್ರಾಯ್ಡ್ ಫೋನುಗಳ ಒಳಗಿದ್ದದ್ದೂ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್. ಇಂಟರ್ನೆಟ್ಟಿನ ಸರ್ವರ್‌ಗಳ ಬಹುಪಾಲು ಅದನ್ನೇ ನಂಬಿಕೊಂಡಿತ್ತು. ಅದೇ ಹೊತ್ತಿನಲ್ಲಿ ಪಿಸಿ ಗೇಮುಗಳ ಅತಿ ದೊಡ್ಡ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವ ಆಟಗಾರರು ನೂರಕ್ಕೆ ಒಬ್ಬರಂತೆಯೂ ಸಿಗುತ್ತಿರಲಿಲ್ಲ. ಹವಾಮಾನದ ಮಾದರಿಗಳನ್ನು ಲೆಕ್ಕ ಹಾಕುವ ವ್ಯವಸ್ಥೆಗೆ ಮನೆಯಲ್ಲಿ ಆಡುವ ಒಂದು ಆಟವನ್ನು ನಡೆಸಲು ಏಕೆ ಆಗಲಿಲ್ಲ? ಮುಂದಿನ ಎಂಟೇ ವರ್ಷಗಳಲ್ಲಿ ಆ ಸ್ಥಿತಿ ಬದಲಾದದ್ದು ಹೇಗೆ? ಸಾಮಾನ್ಯವಾಗಿ ಸಿಗುವ ಉತ್ತರ, ವಾಲ್ವ್ ಎಂಬ ಶ್ರೀಮಂತ ಕಂಪನಿ ಮನಸ್ಸು ಮಾಡಿತು, ಆಯಿತು ಎಂಬುದು. ಅದರಲ್ಲಿ ಸತ್ಯಾಂಶವಿದೆ, ಆದರೆ ಅದು ಕಥೆಯ ಕೊನೆಯ ಅಧ್ಯಾಯವನ್ನಷ್ಟೇ ಹೇಳುತ್ತದೆ. ಅದಕ್ಕೂ ಮೊದಲಿನ ಇಪ್ಪತ್ತೈದು ವರ್ಷಗಳಲ್ಲಿ ಲಿನಕ್ಸ್‌ಗೆ ಆಟ ತರಲು ಹೊರಟ ಕಂಪನಿಗಳು ಒಂದಾದ ಮೇಲೊಂದು ಸೋತವು. ಸೋತವರಲ್ಲಿ ತಮ್ಮ ಕೋಡನ್ನು ಎಲ್ಲರಿಗೂ ಬಿಟ್ಟುಹೋದವರ ಕೆಲಸ ಉಳಿಯಿತು, ತಮ್ಮಲ್ಲೇ ಇಟ್ಟುಕೊಂಡವರ ಕೆಲಸ ಅವರೊಂದಿಗೇ ಹೋಯಿತು. ಕೊನೆಯ ಗೆಲುವು ನಿಂತಿರುವುದು ಹಾಗೆ ಉಳಿದದ್ದರ ಮೇಲೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಕರ್ನಲ್ಲನ್ನು ಪ್ರಕಟಿಸಿದರು. ಆಗ ಪಿಸಿಯ ಆಟಗಳೆಲ್ಲ ನಡೆಯುತ್ತಿದ್ದದ್ದು ಡಾಸ್ ಮೇಲೆ. ವಿಂಡೋಸ್ ಕೂಡ ಆಟಗಾರರ ಆಯ್ಕೆಯಾಗಿರಲಿಲ್ಲ. 1993ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ 'ಡೂಮ್' ಆಟವನ್ನು ಬಿಡುಗಡೆ ಮಾಡಿತು. ಮರುವರ್ಷವೇ ಅದೇ ಕಂಪನಿಯ ಡೇವ್ ಟೇಲರ್ ಅದನ್ನು ಲಿನಕ್ಸ್‌ಗೆ ಅಳವಡಿಸಿದರು. ಅದರಿಂದ ಬಂದ ಹಣ ಹೇಳಿಕೊಳ್ಳುವಂಥದ್ದಲ್ಲ, ಪರಿಣಾಮ ಮಾತ್ರ ದೊಡ್ಡದು. 1997ರ ಕೊನೆಯಲ್ಲಿ ಐಡಿಯ ಪ್ರಧಾನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಡೂಮ್‌ನ ಸೋರ್ಸ್ ಕೋಡನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ, ಹಾಗೆ ಹೊರಬಂದದ್ದು ಡಾಸ್ ಆವೃತ್ತಿಯಲ್ಲ, ಲಿನಕ್ಸ್ ಆವೃತ್ತಿ. ಡಾಸ್ ಆವೃತ್ತಿಯ ಧ್ವನಿ ವಿಭಾಗ ಬೇರೊಬ್ಬರ ಹಕ್ಕುಸ್ವಾಮ್ಯಕ್ಕೆ ಸೇರಿದ್ದರಿಂದ ಅದನ್ನು ಹಂಚುವಂತಿರಲಿಲ್ಲ. ಇಂದಿಗೂ ನೂರಾರು ಯಂತ್ರಗಳಲ್ಲಿ ಡೂಮ್ ಬದುಕಿದ್ದರೆ, ಅದರ ಬೇರು ಮಾರುಕಟ್ಟೆ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಆ ಅಳವಡಿಕೆಯಲ್ಲಿದೆ. ಈ ಇತಿಹಾಸದುದ್ದಕ್ಕೂ ಮರುಕಳಿಸುವ ವಿನ್ಯಾಸ ಇಲ್ಲೇ ಮೊದಲು ಕಾಣುತ್ತದೆ: ಮಾರಾಟದಲ್ಲಿ ಸೋತದ್ದು ಮುಂದಿನವರಿಗೆ ಸಾಮಗ್ರಿಯಾಗುವುದು.

ಅದೇ ವರ್ಷಗಳಲ್ಲಿ ಮೈಕ್ರೋಸಾಫ್ಟ್ ಆಟಗಳನ್ನು ಡಾಸ್‌ನಿಂದ ವಿಂಡೋಸ್‌ಗೆ ಎಳೆದು ತರಲು ಪಣ ತೊಟ್ಟಿತ್ತು. 1995ರಲ್ಲಿ ಬಂದ ಡೈರೆಕ್ಟ್‌ಎಕ್ಸ್ ಆ ಪ್ರಯತ್ನದ ಫಲ. ಚಿತ್ರ, ಧ್ವನಿ, ಜಾಯ್‌ಸ್ಟಿಕ್ಕುಗಳನ್ನು ಆಟದ ಪ್ರೋಗ್ರಾಮ್ ನೇರವಾಗಿ, ವೇಗವಾಗಿ ಬಳಸಿಕೊಳ್ಳಲು ಬೇಕಾದ ಕರೆಗಳ ಸಂಗ್ರಹ ಅದು. ವಿಂಡೋಸ್ 95ರಲ್ಲಿ ಆಟಗಳು ಚೆನ್ನಾಗಿ ನಡೆಯುತ್ತವೆ ಎಂದು ತೋರಿಸಲು ಡೂಮ್ ಆಟವನ್ನೇ ಅದಕ್ಕೆ ಅಳವಡಿಸಲಾಯಿತು. ಆ ಕೆಲಸದ ಮುಂದಾಳಾಗಿದ್ದವರು ಗೇಬ್ ನ್ಯೂವೆಲ್ ಎಂಬ ಮೈಕ್ರೋಸಾಫ್ಟ್ ಉದ್ಯೋಗಿ. 1996ರಲ್ಲಿ ಅವರು ಮೈಕ್ ಹ್ಯಾರಿಂಗ್ಟನ್ ಜೊತೆ ಹೊರಬಂದು ವಾಲ್ವ್ ಸ್ಥಾಪಿಸಿದರು. ಡೈರೆಕ್ಟ್‌ಎಕ್ಸ್ ಗೆದ್ದ ಮೇಲೆ ಆಟಗಳ ಜಗತ್ತಿಗೆ ಒಂದು ಬೀಗ ಬಿದ್ದಂತಾಯಿತು. ಸರ್ವರ್ ನಡೆಸುವ ಸಂಸ್ಥೆ ತನಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆಸಿಕೊಳ್ಳಬಲ್ಲದು. ಆದ್ದರಿಂದ ಅದು ಅಗ್ಗದ, ಸ್ಥಿರವಾದ ಲಿನಕ್ಸ್‌ಗೆ ಸುಲಭವಾಗಿ ಹೋಗುತ್ತದೆ. ಆಟಗಾರನಿಗೆ ಬೇಕಾದದ್ದು ಬೇರೆಯವರು ಬರೆದು ಮಾರಿದ, ಸೋರ್ಸ್ ಕೋಡ್ ಸಿಗದ, ವಿಂಡೋಸ್‌ಗೆಂದೇ ತಯಾರಾದ ಆಟ. ಆಟವಿಲ್ಲದ ಕಡೆಗೆ ಆಟಗಾರ ಬರುವುದಿಲ್ಲ, ಆಟಗಾರರಿಲ್ಲದ ಕಡೆಗೆ ಆಟ ತಯಾರಿಸುವವರು ಬರುವುದಿಲ್ಲ. ಸೂಪರ್‌ಕಂಪ್ಯೂಟರ್ ಗೆದ್ದ ಲಿನಕ್ಸ್ ಆಟದಲ್ಲಿ ಸೋತದ್ದಕ್ಕೆ ಅದರ ತಾಂತ್ರಿಕ ಗುಣಕ್ಕಿಂತ ಈ ಸುತ್ತು ಮುಖ್ಯ ಕಾರಣ.

ಈ ಸುತ್ತನ್ನು ಮುರಿಯಲು ಎರಡು ದಾರಿಗಳಿದ್ದವು. ಆಟ ತಯಾರಿಸುವವರನ್ನು ಒಪ್ಪಿಸಿ ಪ್ರತಿ ಆಟವನ್ನೂ ಲಿನಕ್ಸ್‌ಗೆ ಅಳವಡಿಸುವುದು ಒಂದು. ವಿಂಡೋಸ್‌ಗೆ ಬರೆದ ಆಟ ಲಿನಕ್ಸ್‌ನಲ್ಲೂ ಇದ್ದಂತೆಯೇ ನಡೆಯುವ ಹಾಗೆ ಮಾಡುವುದು ಇನ್ನೊಂದು. ಮೊದಲ ದಾರಿಯನ್ನು ಗಂಭೀರವಾಗಿ ಹಿಡಿದವರು ಕ್ಯಾಲಿಫೋರ್ನಿಯಾದ ಟಸ್ಟಿನ್ ಪಟ್ಟಣದ ಲೋಕಿ ಸಾಫ್ಟ್‌ವೇರ್‌ನವರು. ವಕೀಲರಾಗಿದ್ದ ಸ್ಕಾಟ್ ಡ್ರೇಕರ್ 1998ರಲ್ಲಿ ಅದನ್ನು ಆರಂಭಿಸಿದರು. ಪ್ರಕಾಶಕರಿಂದ ಹಕ್ಕು ಪಡೆದು, ಆಟವನ್ನು ಲಿನಕ್ಸ್‌ಗೆ ಅಳವಡಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವುದು ಅವರ ಯೋಜನೆ. 1999ರ ಮೇ ತಿಂಗಳಲ್ಲಿ 'ಸಿವಿಲೈಸೇಶನ್: ಕಾಲ್ ಟು ಪವರ್' ಹೊರಬಂತು, 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3', 'ಸಿಮ್‌ಸಿಟಿ 3000' ಮುಂತಾದವು ಬೆನ್ನಿಗೇ ಬಂದವು. 2001ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು, 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಲೋಕಿ ಏಕೆ ಬಿತ್ತು ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಮಾರುಕಟ್ಟೆಯೇ ಚಿಕ್ಕದಿತ್ತು, ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಇಟ್ಟುಕೊಂಡಿದ್ದ ಲಿನಕ್ಸ್ ಬಳಕೆದಾರರು ತಿಂಗಳುಗಳ ಮೊದಲೇ ವಿಂಡೋಸ್ ಪ್ರತಿ ಕೊಂಡುಬಿಡುತ್ತಿದ್ದರು ಎನ್ನುವವರು ಕೆಲವರು. ಹಣಕಾಸು ನಿರ್ವಹಣೆ ಕೆಟ್ಟಿತ್ತು ಎನ್ನುವವರು ಇನ್ನು ಕೆಲವರು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಆದರೆ ನಿರ್ವಹಣೆ ಎಷ್ಟು ಸೊಗಸಾಗಿದ್ದರೂ, ಪ್ರತಿ ಆಟಕ್ಕೂ ಮೊದಲಿನಿಂದ ದುಡಿದು ಸಣ್ಣ ಗಿರಾಕಿ ಗುಂಪಿಗೆ ತಡವಾಗಿ ಮಾರುವ ವ್ಯಾಪಾರ ಬಹುಕಾಲ ನಡೆಯುವುದು ಕಷ್ಟವಿತ್ತು.

ಲೋಕಿಯ ನಿಜವಾದ ಆಸ್ತಿ ಅದರ ಗೋದಾಮಿನಲ್ಲಿ ಇರಲಿಲ್ಲ. ಕಂಪನಿಯ ಪ್ರಧಾನ ಪ್ರೋಗ್ರಾಮರ್ ಸ್ಯಾಮ್ ಲಾಂಟಿಂಗಾ 1998ರಲ್ಲಿ ಎಸ್‌ಡಿಎಲ್ ಎಂಬ ಲೈಬ್ರರಿಯನ್ನು ಬರೆಯತೊಡಗಿದ್ದರು. ಪರದೆ, ಕೀಬೋರ್ಡ್, ಧ್ವನಿ, ಜಾಯ್‌ಸ್ಟಿಕ್ಕುಗಳನ್ನು ಯಾವ ವ್ಯವಸ್ಥೆಯಲ್ಲಾದರೂ ಒಂದೇ ರೀತಿ ಬಳಸಲು ಅನುವು ಮಾಡಿಕೊಡುವ ಪದರ ಅದು. ಲೋಕಿ ತನ್ನ ಆಟಗಳನ್ನು ಅದರ ಮೇಲೆಯೇ ಕಟ್ಟಿತು, ಹಾಗೆ ಕಟ್ಟುವಾಗ ಅದನ್ನು ಗಟ್ಟಿಗೊಳಿಸಿತು. ಮೂರು ಆಯಾಮದ ಧ್ವನಿಗೆ ಬಳಕೆಯಾಗುವ ಓಪನ್‌ಎಎಲ್ ಕೂಡ ಅಲ್ಲಿಂದಲೇ ಬಂತು. ಎರಡೂ ಮುಕ್ತ ಪರವಾನಗಿಯಡಿ ಇದ್ದುದರಿಂದ ಲೋಕಿಗೆ ಸಾಲ ಕೊಟ್ಟವರು ಅವುಗಳನ್ನು ಹಂಚಿಕೊಂಡು ಕಪಾಟಿನಲ್ಲಿ ಇಡುವಂತಿರಲಿಲ್ಲ. ಎಸ್‌ಡಿಎಲ್ ಇಂದು ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನುಗಳಲ್ಲಿ ಲೆಕ್ಕವಿಲ್ಲದಷ್ಟು ಆಟಗಳ ಒಳಗಿದೆ. ಲಾಂಟಿಂಗಾ 2012ರಲ್ಲಿ ವಾಲ್ವ್ ಸೇರಿದಾಗ, ಸತ್ತ ಕಂಪನಿಯ ಅನುಭವ ಬದುಕಿರುವ ಕಂಪನಿಗೆ ಆ ಕೋಡಿನೊಂದಿಗೇ ನಡೆದುಹೋಯಿತು.

ಎರಡನೆಯ ದಾರಿಯ ಹೆಸರು ವೈನ್. ಅದು ಲೋಕಿಗಿಂತ ಐದು ವರ್ಷ ಹಳೆಯದು. ವಿಂಡೋಸ್ 3.1ರ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಗುರಿಯೊಂದಿಗೆ ಬಾಬ್ ಆಮ್‌ಸ್ಟಾಡ್ 1993ರಲ್ಲಿ ಅದನ್ನು ಆರಂಭಿಸಿದರು. ಮರುವರ್ಷ ಅಲೆಕ್ಸಾಂದ್ರ್ ಜುಲಿಯಾರ್ ಹೊಣೆ ಹೊತ್ತುಕೊಂಡರು, ಮೂರು ದಶಕ ಕಳೆದರೂ ಅದನ್ನು ಇಳಿಸಿಲ್ಲ. ವೈನ್‌ನ ತತ್ವ ಸರಳ. ವಿಂಡೋಸ್‌ಗೆ ಬರೆದ ಪ್ರೋಗ್ರಾಮೂ ಲಿನಕ್ಸ್‌ನ ಪ್ರೋಗ್ರಾಮೂ ಒಂದೇ ಬಗೆಯ ಪ್ರೊಸೆಸರ್ ಮೇಲೆ ನಡೆಯುತ್ತವೆ, ಆದ್ದರಿಂದ ಅದರ ಸೂಚನೆಗಳನ್ನು ಬದಲಿಸಬೇಕಾಗಿಲ್ಲ. ಫೈಲ್ ತೆರೆ, ಕಿಟಕಿ ಬಿಡಿಸು, ಈ ತ್ರಿಕೋನಕ್ಕೆ ಬಣ್ಣ ತುಂಬು ಎಂದು ಪ್ರೋಗ್ರಾಮ್ ವಿಂಡೋಸನ್ನು ಕೇಳುವ ಸಾವಿರಾರು ಕರೆಗಳಿಗೆ ಲಿನಕ್ಸ್ ಪರವಾಗಿ ಉತ್ತರಿಸುವವರು ಇದ್ದರೆ ಸಾಕು. ತತ್ವ ಸರಳವಾದರೂ ಕೆಲಸ ಅಗಾಧ. ಮೈಕ್ರೋಸಾಫ್ಟ್‌ನ ಕೋಡನ್ನು ನೋಡದೆ, ಅದರ ಹೊರ ವರ್ತನೆಯನ್ನು ಮಾತ್ರ ಪರೀಕ್ಷಿಸುತ್ತ, ಪ್ರತಿ ಕರೆಯನ್ನೂ ಹೊಸದಾಗಿ ಬರೆಯಬೇಕು. ದಾಖಲೆಗಳಲ್ಲಿ ಇರುವಂತೆ ವೈನ್ ನಡೆದುಕೊಂಡರಷ್ಟೇ ಸಾಲದು. ವಿಂಡೋಸ್‌ನ ದೋಷಗಳನ್ನೂ ಹಾಗೆಯೇ ಅನುಕರಿಸಬೇಕು, ಏಕೆಂದರೆ ಎಷ್ಟೋ ಆಟಗಳು ಆ ದೋಷಗಳನ್ನು ನಂಬಿಯೇ ಬರೆಯಲ್ಪಟ್ಟಿರುತ್ತವೆ. ವೈನ್ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಕೆಲಸ ಶುರುವಾಗಿ ಹದಿನೈದು ವರ್ಷಗಳ ಮೇಲೆ.

ಆ ಹದಿನೈದು ವರ್ಷಗಳಲ್ಲಿ ವೈನ್ ಹತ್ತಿರ ಬಂದುಹೋದ ಕಂಪನಿಗಳ ಕಥೆಯಲ್ಲೇ ನನ್ನ ವಾದಕ್ಕೆ ಅತ್ಯಂತ ಸ್ಪಷ್ಟ ಪುರಾವೆ ಇದೆ. ಕೆನಡಾದ ಕೋರೆಲ್ ತನ್ನ ವರ್ಡ್‌ಪರ್ಫೆಕ್ಟ್ ಆಫೀಸನ್ನು ಲಿನಕ್ಸ್‌ಗೆ ತರಲು ವೈನ್ ಬಳಸಿತು, ಅದಕ್ಕೆ ಸಾಕಷ್ಟು ಕೋಡನ್ನೂ ಕೊಟ್ಟಿತು. 2000ದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕೋರೆಲ್‌ನಲ್ಲಿ 13.5 ಕೋಟಿ ಡಾಲರ್ ಹೂಡಿತು. ಕೆಲಕಾಲದಲ್ಲೇ ಕೋರೆಲ್ ಲಿನಕ್ಸ್ ವ್ಯವಹಾರದಿಂದ ಹೊರನಡೆಯಿತು. ಅದು ಕೊಟ್ಟ ಕೋಡ್ ಮಾತ್ರ ವೈನ್‌ನಲ್ಲೇ ಉಳಿಯಿತು. ಮತ್ತೊಂದು ಕೆನಡಾ ಕಂಪನಿ ಟ್ರಾನ್ಸ್‌ಗೇಮಿಂಗ್ ಇನ್ನೊಂದು ದಾರಿ ಹಿಡಿಯಿತು. ಆಗ ವೈನ್‌ಗಿದ್ದ ಪರವಾನಗಿ ಯಾರು ಬೇಕಾದರೂ ಕೋಡನ್ನು ಒಯ್ದು, ಬದಲಾವಣೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಬಿಡುತ್ತಿತ್ತು. ಟ್ರಾನ್ಸ್‌ಗೇಮಿಂಗ್ ಅದನ್ನು ತೆಗೆದುಕೊಂಡು, ಆಟಗಳಿಗೆ ಬೇಕಾದ ಡೈರೆಕ್ಟ್3ಡಿಯನ್ನು, ಅಂದರೆ ಡೈರೆಕ್ಟ್‌ಎಕ್ಸ್‌ನ ಚಿತ್ರ ಬಿಡಿಸುವ ಭಾಗವನ್ನು, ಬೆಳೆಸಿ, ಮಾಸಿಕ ಚಂದಾಕ್ಕೆ ಮಾರಿತು. ಮೊದಲು ವೈನ್‌ಎಕ್ಸ್, ಆಮೇಲೆ ಸೆಡೇಗಾ ಎಂಬ ಹೆಸರಿನಲ್ಲಿ. ಆ ಕೆಲಸ ವೈನ್‌ಗೆ ಅದೇ ಮುಕ್ತ ಷರತ್ತಿನಲ್ಲಿ ಮರಳಲಿಲ್ಲ. ಬಿಸಿಬಿಸಿ ಚರ್ಚೆಯ ನಂತರ 2002ರ ಮಾರ್ಚ್‌ನಲ್ಲಿ ವೈನ್ ಎಲ್‌ಜಿಪಿಎಲ್ ಪರವಾನಗಿಗೆ ಬದಲಾಯಿತು: ಇನ್ನು ಮುಂದೆ ವೈನ್ ಬದಲಿಸಿ ಹಂಚುವವರು ಆ ಬದಲಾವಣೆಯ ಸೋರ್ಸ್ ಕೋಡನ್ನೂ ಕೊಡಬೇಕು. ಅಲ್ಪಾವಧಿಯಲ್ಲಿ ಆಟಗಾರರಿಗೆ ಲಾಭ ಕಂಡದ್ದು ಸೆಡೇಗಾದಲ್ಲಿ; ಹಲವು ಹೊಸ ಆಟಗಳು ಅದರಲ್ಲಿ ಮೊದಲು ನಡೆದವು. ಆದರೆ ಚಂದಾದಾರರು ಕರಗಿ 2011ರಲ್ಲಿ ಸೆಡೇಗಾ ಸೇವೆ ನಿಂತಾಗ, ಮುಂದಿನವರು ಕಟ್ಟಬಹುದಾದ ಅಡಿಪಾಯವನ್ನು ಅದು ಬಿಟ್ಟುಹೋಗಲಿಲ್ಲ. ಒಂದೇ ಬೇರಿನಿಂದ ಹೊರಟ ಎರಡು ಯೋಜನೆಗಳು. ಒಂದು ಮುಗಿಯಿತು, ಇನ್ನೊಂದು ಇಂದಿಗೂ ಬೆಳೆಯುತ್ತಿದೆ. ಮಿನೆಸೋಟಾದ ಕೋಡ್‌ವೀವರ್ಸ್ ಕಂಪನಿ ಜುಲಿಯಾರ್ ಅವರಿಗೆ ಸಂಬಳ ಕೊಟ್ಟು, ವೈನ್ ಆಧರಿಸಿದ ಕ್ರಾಸ್‌ಓವರ್ ಮಾರುತ್ತ, ತನ್ನ ಸುಧಾರಣೆಗಳನ್ನು ವೈನ್‌ಗೇ ಮರಳಿಸುತ್ತ ಆ ಬೆಳವಣಿಗೆಯನ್ನು ಕಾಪಾಡಿತು.

2010 ಮತ್ತು 2012ರ ಎರಡು ಘಟನೆಗಳು ಚಿತ್ರ ಬದಲಿಸಿದವು. 2010ರ ಮೇ ತಿಂಗಳಲ್ಲಿ ವೋಲ್ಫೈರ್ ಗೇಮ್ಸ್‌ನವರು 'ಹಂಬಲ್ ಇಂಡಿ ಬಂಡಲ್' ಆರಂಭಿಸಿದರು. ಸಣ್ಣ ತಂಡಗಳ ಕೆಲವು ಆಟಗಳ ಕಟ್ಟು, ಬೆಲೆ ಕೊಳ್ಳುವವರ ಇಚ್ಛೆ, ಆಟಗಳು ಲಿನಕ್ಸ್‌ನಲ್ಲೂ ನಡೆಯುವಂಥವು. ಬೆಲೆಯನ್ನು ತಾವೇ ಗೊತ್ತು ಮಾಡಬಹುದಾಗಿದ್ದ ಆ ಮಾರಾಟದಲ್ಲಿ ಸರಾಸರಿ ಹೆಚ್ಚು ಹಣ ಕೊಟ್ಟವರು ಲಿನಕ್ಸ್ ಬಳಕೆದಾರರು, ಅದೂ ವಿಂಡೋಸ್ ಬಳಕೆದಾರರಿಗಿಂತ ಬಹಳ ಹೆಚ್ಚು. ಮುಕ್ತ ತಂತ್ರಾಂಶ ಬಳಸುವವರು ಎಲ್ಲವನ್ನೂ ಪುಕ್ಕಟೆ ಬಯಸುತ್ತಾರೆ ಎಂಬ ನಂಬಿಕೆಗೆ ಪೆಟ್ಟು ಬಿತ್ತು. ಎರಡನೆಯದು, 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8. ಅದರೊಳಗೆ ಮೈಕ್ರೋಸಾಫ್ಟ್‌ನದೇ ಆ್ಯಪ್ ಮಳಿಗೆ ಇತ್ತು. 2003ರಲ್ಲಿ ಸ್ಟೀಮ್ ಆರಂಭಿಸಿ ಅದರ ಮೂಲಕ ಆಟ ಮಾರುತ್ತಿದ್ದ ವಾಲ್ವ್‌ಗೆ ಅದರ ಅರ್ಥ ತಕ್ಷಣ ಹೊಳೆಯಿತು. ಫೋನಿನಲ್ಲಿ ಆದಂತೆ ವಿಂಡೋಸ್‌ನಲ್ಲೂ ಎಲ್ಲ ತಂತ್ರಾಂಶ ಒಂದೇ ಮಳಿಗೆಯಿಂದ ಬರಬೇಕೆಂದಾದರೆ ಸ್ಟೀಮ್‌ಗೆ ಜಾಗವೇ ಇರುವುದಿಲ್ಲ. ಬಿಡುಗಡೆಗೂ ಮೊದಲೇ, ಆ ವರ್ಷದ ಜುಲೈನಲ್ಲಿ, ಸಿಯಾಟಲ್‌ನ ಒಂದು ಸಮ್ಮೇಳನದಲ್ಲಿ ನ್ಯೂವೆಲ್ ವಿಂಡೋಸ್ 8 ಅನ್ನು ಪಿಸಿ ವಲಯದ ಎಲ್ಲರಿಗೂ ಅನಾಹುತವೆಂದು ಕರೆದು, ಲಿನಕ್ಸ್‌ನಲ್ಲಿ ಆಟಗಳು ನಡೆಯುವಂತೆ ಮಾಡುವುದು ತಮ್ಮ ರಕ್ಷಣಾ ತಂತ್ರವೆಂದು ಹೇಳಿದರು. ಹದಿನೇಳು ವರ್ಷ ಹಿಂದೆ ಆಟಗಳನ್ನು ವಿಂಡೋಸ್‌ಗೆ ಕರೆತರಲು ದುಡಿದವರೇ ಈಗ ಅದರಿಂದ ಹೊರಗೆ ಬಾಗಿಲು ಹುಡುಕುತ್ತಿದ್ದರು.

ವಾಲ್ವ್ ಮೊದಲು ಹಿಡಿದದ್ದು ಲೋಕಿಯ ದಾರಿಯನ್ನೇ. ತನ್ನ 'ಲೆಫ್ಟ್ 4 ಡೆಡ್ 2' ಆಟವನ್ನು ಲಿನಕ್ಸ್‌ಗೆ ಅಳವಡಿಸಿ, 2012ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟಿಸಿತು: ಒಂದೇ ಯಂತ್ರದಲ್ಲಿ ವಿಂಡೋಸ್ 7ರ ಮೇಲೆ ಸೆಕೆಂಡಿಗೆ 270.6 ಚೌಕಟ್ಟು, ಲಿನಕ್ಸ್‌ನ ಒಂದು ವಿತರಣೆಯಾದ ಉಬುಂಟು ಮೇಲೆ 315. ಲಿನಕ್ಸ್ ಸಹಜವಾಗಿಯೇ ನಿಧಾನ ಎಂಬ ಮಾತಿಗೆ ಅದು ಉತ್ತರವಾಗಿತ್ತು. 2013ರ ಫೆಬ್ರವರಿ 14ರಂದು ಲಿನಕ್ಸ್‌ಗೆ ಸ್ಟೀಮ್ ಅಧಿಕೃತವಾಗಿ ಬಂತು. 2015ರ ನವೆಂಬರ್‌ನಲ್ಲಿ ಡೆಬಿಯನ್ ಆಧಾರಿತ ಸ್ಟೀಮ್‌ಓಎಸ್ ಹೊತ್ತ 'ಸ್ಟೀಮ್ ಮಷೀನ್' ಎಂಬ ಆಟದ ಪಿಸಿಗಳನ್ನು ಏಲಿಯನ್‌ವೇರ್‌ನಂಥ ತಯಾರಕರು ಮಾರುಕಟ್ಟೆಗೆ ಬಿಟ್ಟರು. ಅವು ಹೆಚ್ಚು ಮಾರಾಟವಾಗಲಿಲ್ಲ. ಬೆಲೆ, ಬಿಡುಗಡೆಯ ವಿಳಂಬ, ತಯಾರಕರ ಉದಾಸೀನ, ವಾಲ್ವ್‌ನದೇ ಗಮನ ಚದುರಿದ್ದು ಎಂದು ವಿಶ್ಲೇಷಕರು ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗೆ ಮೂಲ ಕಾರಣ ಹಳೆಯದೇ ಎನಿಸುತ್ತದೆ. ಜನ ಕೇಳುತ್ತಿದ್ದ ದೊಡ್ಡ ಆಟಗಳು ಲಿನಕ್ಸ್‌ನಲ್ಲಿ ಇರಲಿಲ್ಲ, ಬಂದ ಅಳವಡಿಕೆಗಳಲ್ಲೂ ಕೆಲವು ವಿಂಡೋಸ್‌ಗಿಂತ ನಿಧಾನವಾಗಿದ್ದವು. ಸ್ಟೀಮ್‌ನಂಥ ದೈತ್ಯ ಮಳಿಗೆಯ ಒತ್ತಾಸೆ ಇದ್ದೂ ಆಟ ತಯಾರಿಸುವವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸುವ ದಾರಿ ಎರಡನೆಯ ಬಾರಿಗೆ ಕೊನೆಗಂಡಿತು. ಆ ಸೋಲು ಇಡೀ ಇತಿಹಾಸದ ತಿರುವು: ಹಣದ ಕೊರತೆಯಿಂದ ಮಾತ್ರ ಈ ದಾರಿ ಸೋಲುತ್ತಿಲ್ಲ ಎಂಬುದು ಈಗ ಖಚಿತವಾಗಿತ್ತು.

ಸ್ಟೀಮ್ ಮಷೀನ್ ಸತ್ತರೂ ಅದರ ಸುತ್ತ ನಡೆದ ಕೆಲಸ ಸಾಯಲಿಲ್ಲ. ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳು ಈ ನಡುವೆ ಬೇರೆಯೇ ಮಟ್ಟಕ್ಕೆ ಏರಿದ್ದವು. ಎಎಮ್‌ಡಿ 2007ರಿಂದಲೇ ತನ್ನ ಗ್ರಾಫಿಕ್ಸ್ ಚಿಪ್ಪುಗಳ ವಿವರಗಳನ್ನು ತೆರೆದಿಡತೊಡಗಿತ್ತು. 'ಮೆಸಾ' ಎಂಬ ಮುಕ್ತ ಯೋಜನೆಯಲ್ಲಿ ಹಲವು ಕಂಪನಿಗಳವರೂ ಸ್ವಯಂಸೇವಕರೂ ಒಟ್ಟಿಗೆ ದುಡಿಯುತ್ತಿದ್ದರು. ಎಎಮ್‌ಡಿ ಕೊಟ್ಟ 'ಮ್ಯಾಂಟಲ್' ತಂತ್ರವನ್ನು ಆಧರಿಸಿ ಕ್ರೋನೋಸ್ ಒಕ್ಕೂಟ 2016ರ ಫೆಬ್ರವರಿಯಲ್ಲಿ 'ವಲ್ಕನ್' ಎಂಬ ಹೊಸ ಗ್ರಾಫಿಕ್ಸ್ ಮಾನದಂಡವನ್ನು ಪ್ರಕಟಿಸಿತು. ವಲ್ಕನ್ ಬಂದದ್ದು ಏಕೆ ಮುಖ್ಯ ಎಂದರೆ, ಅದುವರೆಗೆ ವೈನ್ ಡೈರೆಕ್ಟ್3ಡಿ ಕರೆಗಳನ್ನು ಹಳೆಯ ಗ್ರಾಫಿಕ್ಸ್ ಮಾನದಂಡವಾದ ಓಪನ್‌ಜಿಎಲ್‌ಗೆ ಬದಲಿಸುತ್ತಿತ್ತು. ಓಪನ್‌ಜಿಎಲ್ ತನ್ನದೇ ಲೆಕ್ಕಾಚಾರ ಹೊತ್ತ ದಪ್ಪ ಪದರ; ಒಂದು ದಪ್ಪ ಪದರವನ್ನು ಇನ್ನೊಂದಕ್ಕೆ ಹೊಂದಿಸುವಾಗ ವೇಗ ಸೋರಿಹೋಗುತ್ತಿತ್ತು. ವಲ್ಕನ್ ಚಿಪ್ಪಿಗೆ ಹತ್ತಿರವಾದ ತೆಳು ಪದರ, ಅದರ ಮೇಲೆ ಡೈರೆಕ್ಟ್3ಡಿಯ ನಡವಳಿಕೆಯನ್ನು ಬೇಕಾದಂತೆ ಕಟ್ಟಬಹುದು. ಎಎಮ್‌ಡಿ ಚಿಪ್ಪುಗಳಿಗೆ 'ರಾಡ್‌ವಿ' ಎಂಬ ವಲ್ಕನ್ ಡ್ರೈವರ್ ಕೂಡ 2016ರಲ್ಲೇ ಹುಟ್ಟಿತು, ಅದೂ ಎಎಮ್‌ಡಿಯ ಹೊರಗೆ; ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೌಜನ್ ಅದನ್ನು ಆರಂಭಿಸಿದರು. ಕೊನೆಗೆ 2025ರಲ್ಲಿ ಎಎಮ್‌ಡಿ ತನ್ನದೇ ಪ್ರತ್ಯೇಕ ವಲ್ಕನ್ ಡ್ರೈವರನ್ನು ಕೈಬಿಟ್ಟು ಇದನ್ನೇ ಒಪ್ಪಿಕೊಂಡಿತು.

ಉಳಿದದ್ದು ಒಂದೇ ಕೊಂಡಿ, ಅದನ್ನು ಬೆಸೆದದ್ದು ಯಾವ ಕಂಪನಿಯ ಯೋಜನಾ ಸಭೆಯೂ ಅಲ್ಲ. ಜರ್ಮನಿಯ ಫಿಲಿಪ್ ರೇಬೋಲೆ 2017ರಲ್ಲಿ 'ನಿಯರ್: ಆಟೊಮೇಟಾ' ಆಟವನ್ನು ಲಿನಕ್ಸ್‌ನಲ್ಲಿ ಆಡುವ ಬಯಕೆಯಿಂದ, ಡೈರೆಕ್ಟ್3ಡಿ 11ರ ಕರೆಗಳನ್ನು ವಲ್ಕನ್‌ಗೆ ಬದಲಿಸುವ 'ಡಿಎಕ್ಸ್‌ವಿಕೆ' ಬರೆಯತೊಡಗಿದರು. ಕೆಲವೇ ತಿಂಗಳಲ್ಲಿ ಅದರ ಶಕ್ತಿ ಎಲ್ಲರಿಗೂ ಕಂಡಿತು. 2018ರ ಫೆಬ್ರವರಿಯಿಂದ ವಾಲ್ವ್ ಆ ಕೆಲಸಕ್ಕೆ ಹಣ ಕೊಡತೊಡಗಿತು. ಅಷ್ಟರಲ್ಲಾಗಲೇ ಅದು ಕೋಡ್‌ವೀವರ್ಸ್ ಜೊತೆಗೂಡಿ ವೈನ್ ಮೇಲೆ ಸದ್ದಿಲ್ಲದೆ ಕೆಲಸ ನಡೆಸಿತ್ತು. 2018ರ ಆಗಸ್ಟ್ 21ರಂದು ವೈನ್, ಡಿಎಕ್ಸ್‌ವಿಕೆ ಮುಂತಾದವನ್ನು ಒಟ್ಟುಗೂಡಿಸಿದ 'ಪ್ರೋಟಾನ್' ಹೊರಬಂತು. ಮೊದಲ ದಿನ ವಾಲ್ವ್ ಪರೀಕ್ಷಿಸಿ ಒಪ್ಪಿದ್ದ ಆಟಗಳು 27 ಮಾತ್ರ. ಉಳಿದವನ್ನು ಪ್ರಯತ್ನಿಸುವ ಸ್ವಾತಂತ್ರ್ಯ ಬಳಕೆದಾರರಿಗಿತ್ತು. ಸ್ಟೀಮ್‌ನ ಆಟಗಳ ಪಟ್ಟಿಯಲ್ಲಿ ಆಟದ ಹೆಸರಿನ ಪಕ್ಕ ಗುಂಡಿ ಒತ್ತಿದರೆ ಅದು ನಡೆಯುತ್ತಿತ್ತು. ಯಾವ ಕಡತ ಎಲ್ಲಿ ಹಾಕಬೇಕೆಂದು ಬಳಕೆದಾರ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆಟ ತಯಾರಿಸುವವರ ಅನುಮತಿಯನ್ನು ಕಾಯುವ ಅಗತ್ಯ ತಪ್ಪಿದ ಆ ದಿನವೇ ಹಳೆಯ ಸುತ್ತು ಮುರಿಯಿತು.

ಮುಂದಿನ ವರ್ಷಗಳ ಕೆಲಸ ಲಿನಕ್ಸ್ ಕರ್ನಲ್ಲಿನ ಆಳಕ್ಕೂ ಇಳಿಯಿತು. ಇಂದಿನ ಆಟವೊಂದು ಹತ್ತಾರು ಎಳೆಗಳಲ್ಲಿ (ಥ್ರೆಡ್) ಏಕಕಾಲಕ್ಕೆ ನಡೆಯುತ್ತದೆ. ಒಂದು ಎಳೆ ಹಲವು ಘಟನೆಗಳಲ್ಲಿ ಯಾವುದು ಮೊದಲು ಮುಗಿದರೂ ಎಚ್ಚರಗೊಳ್ಳಬೇಕೆಂದು ಕೇಳುವುದು ವಿಂಡೋಸ್‌ನಲ್ಲಿ ಮಾಮೂಲು. ಲಿನಕ್ಸ್‌ನಲ್ಲಿ ಅದಕ್ಕೆ ಹೊಂದುವ ಸೌಲಭ್ಯ ಇರಲಿಲ್ಲ. 2022ರ ಜನವರಿಯ ಕರ್ನಲ್ 5.16ರಲ್ಲಿ ಅದಕ್ಕೆಂದೇ ಹೊಸ ಕರೆಯೊಂದು ಸೇರಿತು. 2025ರ ಮಾರ್ಚ್‌ನ 6.14ರಲ್ಲಿ ಅಂಥದೇ ಕೊರತೆ ನೀಗಿಸುವ, ವೈನ್ ಬಳಗದ ಎಲಿಜಬೆತ್ ಫಿಗುರಾ ಅವರ ವರ್ಷಗಳ ಶ್ರಮದ ಫಲವಾದ 'ಎನ್‌ಟಿಸಿಂಕ್' ಪೂರ್ಣವಾಗಿ ಬಂತು. ಈ ನಡುವೆ, 2022ರ ಫೆಬ್ರವರಿ 28ರಂದು, ಆರಂಭಿಕ ಬೆಲೆ 399 ಡಾಲರಿನ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಗ್ರಾಹಕರ ಮನೆಗೆ ಹೊರಟಿತು. ಅದರ ಸ್ಟೀಮ್‌ಓಎಸ್ ಆರ್ಚ್ ಲಿನಕ್ಸ್ ಆಧಾರಿತ, ಆಟಗಳು ಬಹುಪಾಲು ವಿಂಡೋಸ್‌ಗೆ ಬರೆದವು. ಅದೇ ವಾರ ಬಂದ 'ಎಲ್ಡನ್ ರಿಂಗ್' ವಿಂಡೋಸ್ ಪಿಸಿಗಳಲ್ಲಿ ತಡವರಿಸುತ್ತಿದ್ದಾಗ, ವಾಲ್ವ್‌ನ ಪ್ರೋಗ್ರಾಮರ್‌ಗಳು ಪ್ರೋಟಾನ್ ಪದರದಲ್ಲೇ ಆ ತಡವರಿಕೆಯ ಒಂದು ಕಾರಣವನ್ನು ಸರಿಪಡಿಸಿದರು. ಅನುಕರಿಸುವ ವ್ಯವಸ್ಥೆ ಮೂಲಕ್ಕಿಂತ ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ಲಕ್ಷಾಂತರ ಜನ ಆಡಿದ ಆಟದಲ್ಲೇ ಸಾಕ್ಷಿ ಸಿಕ್ಕಿತು.

ಇಷ್ಟಾದರೂ ಇದೆಲ್ಲ ವಾಲ್ವ್ ಹಣದ ಮಹಿಮೆಯಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಹಣವಿಲ್ಲದೆ ಇದು 2018ರಲ್ಲಿ ಆಗುತ್ತಿರಲಿಲ್ಲ, ನಿಜ. ಆದರೆ ಹಣವಷ್ಟೇ ಸಾಕಾಗಿದ್ದರೆ 2015ರಲ್ಲೇ ಆಗಬೇಕಿತ್ತು. ವಾಲ್ವ್ ವೈನ್ ಕೋಡನ್ನು ಮೊದಲ ಸಾಲಿನಿಂದ ಬರೆಸಬೇಕಾಗಿದ್ದರೆ ಎರಡು ದಶಕಗಳ ಪರೀಕ್ಷೆ, ತಿದ್ದುಪಡಿಗಳನ್ನು ಕೊಳ್ಳಲು ಯಾವ ಅಂಗಡಿಯೂ ಇರಲಿಲ್ಲ. ಊರ ಕೆರೆಯ ಹೂಳನ್ನು ತಲೆಮಾರುಗಳಿಂದ ಎತ್ತುತ್ತ ಬಂದದ್ದರಿಂದಲೇ ಒಂದು ದೊಡ್ಡ ಮಳೆಗೆ ಅದು ತುಂಬಿತು. ಕೆರೆಯೇ ಇಲ್ಲದಿದ್ದರೆ ಆ ಮಳೆ ಹರಿದುಹೋಗುತ್ತಿತ್ತು. ಪರವಾನಗಿಯ ಕಾರಣದಿಂದ ವಾಲ್ವ್ ಹಾಕಿದ ಹಣವೂ ಅದೇ ಕೆರೆಗೆ ಸೇರಿತು. ಆ್ಯಪಲ್ 2023ರ ಜೂನ್‌ನಲ್ಲಿ ಮ್ಯಾಕ್‌ಗೆ ಆಟಗಳನ್ನು ತರಲು ಪ್ರಕಟಿಸಿದ ಸಾಧನ ಕ್ರಾಸ್‌ಓವರ್‌ನ, ಅಂದರೆ ವೈನ್‌ನ, ಕೋಡ್ ಮೇಲೆ ನಿಂತಿತ್ತು. ಲುಟ್ರಿಸ್, ಹೀರೋಯಿಕ್‌ನಂಥ ಮುಕ್ತ ಪ್ರೋಗ್ರಾಮುಗಳು ಸ್ಟೀಮ್‌ನ ಪ್ರತಿಸ್ಪರ್ಧಿ ಮಳಿಗೆಗಳ ಆಟಗಳನ್ನೂ ಅದೇ ಪ್ರೋಟಾನ್ ಕೆಲಸದ ನೆರವಿನಿಂದ ಲಿನಕ್ಸ್‌ನಲ್ಲಿ ನಡೆಸುತ್ತವೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ, ಅದಕ್ಕೆ ಇತಿಹಾಸದ ಬೆಂಬಲವೂ ಇದೆ. ಐಬಿಎಮ್‌ನ ಓಎಸ್/2 ಎಂಬ ವ್ಯವಸ್ಥೆ 1992ರಿಂದ ವಿಂಡೋಸ್ ಪ್ರೋಗ್ರಾಮುಗಳನ್ನು ಚೆನ್ನಾಗಿ ನಡೆಸುತ್ತಿತ್ತು. ಹಾಗಿದ್ದ ಮೇಲೆ ಅದಕ್ಕೆಂದೇ ಬೇರೆ ಪ್ರೋಗ್ರಾಮ್ ಬರೆಯಲು ತಯಾರಕರಿಗೆ ಕಾರಣವೇ ಉಳಿಯಲಿಲ್ಲ, ಆ ವ್ಯವಸ್ಥೆ ಸೊರಗಿತು. ಪ್ರೋಟಾನ್ ಕೂಡ ಲಿನಕ್ಸ್‌ಗೆಂದೇ ಆಟ ಬರೆಯುವುದನ್ನು ಕೊಲ್ಲುತ್ತದೆ ಎಂದು ಹಳೆಯ ಅಳವಡಿಕೆಗಾರರು ಎಚ್ಚರಿಸಿದರು. 2020ರಲ್ಲಿ 'ರಾಕೆಟ್ ಲೀಗ್' ತನ್ನ ಲಿನಕ್ಸ್ ಆವೃತ್ತಿಯನ್ನು ಕೈಬಿಟ್ಟದ್ದು ಆ ಆತಂಕಕ್ಕೆ ಪುಷ್ಟಿ ಕೊಟ್ಟಿತು. ಅಳವಡಿಕೆಗಳು ಕಡಿಮೆಯಾದದ್ದು ನಿಜ. ಆದರೂ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಓಎಸ್/2 ಮಾರಾಟದಿಂದ ಬದುಕಬೇಕಾದ ಸರಕು. ಮಾರಾಟ ಕುಸಿದಾಗ ಐಬಿಎಮ್‌ನ ಅನುಮತಿಯಿಲ್ಲದೆ ಅದನ್ನು ಮುಂದುವರಿಸುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಲಿನಕ್ಸ್‌ನ ಜೀವ ಆಟಗಳ ಮೇಲೆ ನಿಂತಿಲ್ಲ, ಸರ್ವರ್‌ಗಳೂ ಫೋನುಗಳೂ ಅದನ್ನು ಹೊತ್ತಿವೆ. ಮೇಲಾಗಿ ಕೈಬಿಟ್ಟ ಅಳವಡಿಕೆ ಕೆಲ ವರ್ಷಗಳಲ್ಲಿ ಹೊಸ ಲೈಬ್ರರಿಗಳ ನಡುವೆ ನಡೆಯದೆ ನಿಲ್ಲುವುದುಂಟು. ಅದೇ ಆಟದ ವಿಂಡೋಸ್ ಪ್ರತಿ ಪ್ರೋಟಾನ್‌ನಲ್ಲಿ ನಡೆಯುತ್ತಿರುತ್ತದೆ. ವಿಂಡೋಸ್‌ನ ಕರೆಗಳು ಇಂದು ಒಂದು ಕಂಪನಿಯ ಸ್ವತ್ತಿಗಿಂತ ಹೆಚ್ಚಾಗಿ ಎಲ್ಲರೂ ಪೂರೈಸಬಹುದಾದ ಮಾನದಂಡವಾಗಿವೆ. ಅದನ್ನು ಹಾಗೆ ಮಾಡಿದ್ದು ವೈನ್.

ಮೂರನೆಯ ಆಕ್ಷೇಪ ತತ್ವದ್ದು. 2012ರಲ್ಲಿ ಸ್ಟೀಮ್ ಬರುವ ಸುದ್ದಿ ಕೇಳಿದಾಗ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಸಮತೋಲನದಿಂದಲೇ ಬರೆದರು. ವಿಂಡೋಸ್ ಬಿಟ್ಟುಬರುವವರಿಗೆ ನೇರವಾಗಿ ಒಳಿತೇ ಹೆಚ್ಚಾಗಬಹುದು, ಆದರೆ ಬೀಗ ಹಾಕಿದ ಆಟಗಳು ಲಿನಕ್ಸ್ ಸಮುದಾಯಕ್ಕೆ ಸ್ವಾತಂತ್ರ್ಯ ಮುಖ್ಯವಲ್ಲವೆಂಬ ಪಾಠ ಕಲಿಸುತ್ತವೆ ಎಂಬುದು ಅವರ ಚಿಂತೆ. ಆ ಚಿಂತೆಯನ್ನು ತಳ್ಳಿಹಾಕಲಾಗದು. ಸ್ಟೀಮ್ ಸ್ವತಃ ಮುಚ್ಚಿದ ತಂತ್ರಾಂಶ, ಅದರಲ್ಲಿ ಮಾರುವ ಬಹುತೇಕ ಆಟಗಳೂ ಹಾಗೆಯೇ. ಅದರ ತೀವ್ರ ರೂಪ ಕಾಣುವುದು ಮೋಸ ತಡೆಯುವ ಆಂಟಿ-ಚೀಟ್ ತಂತ್ರಾಂಶಗಳಲ್ಲಿ. ವಿಂಡೋಸ್ ಕರ್ನಲ್ಲಿನೊಳಗೆ ಕುಳಿತು ಇಡೀ ಯಂತ್ರವನ್ನು ಕಾಯುವ ಅಧಿಕಾರವನ್ನು ಅವು ಕೇಳುತ್ತವೆ. ಬಳಕೆದಾರನೇ ಕರ್ನಲ್ ಬದಲಿಸಬಹುದಾದ ವ್ಯವಸ್ಥೆಯನ್ನು ಅವು ನಂಬಲಾರವು. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿ ಪ್ರೋಟಾನ್‌ಗೆ ದಾರಿ ತೆರೆದರೂ ಬಳಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. 'ಫೋರ್ಟ್‌ನೈಟ್' ಬರಲೇ ಇಲ್ಲ. 'ಏಪೆಕ್ಸ್ ಲೆಜೆಂಡ್ಸ್' 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು. ಇಲ್ಲಿ ಕೋಡ್ ಬರೆದು ಗೆಲ್ಲುವಂತಿಲ್ಲ. ಯಂತ್ರದ ಒಡೆಯ ಯಾರು ಎಂಬ ಪ್ರಶ್ನೆ ಇತ್ಯರ್ಥವಾಗದೆ ಈ ಗೋಡೆ ಬೀಳುವುದಿಲ್ಲ.

ಆದರೂ ಪರಿಣಾಮಗಳು ಕಣ್ಣಿಗೆ ಕಾಣುತ್ತಿವೆ. ಮೈಕ್ರೋಸಾಫ್ಟ್ 2024ರ ಆಗಸ್ಟ್‌ನಲ್ಲಿ ತನ್ನ ಬಳಿಯಿದ್ದ, .ನೆಟ್ ಪ್ರೋಗ್ರಾಮುಗಳನ್ನು ಬೇರೆ ವ್ಯವಸ್ಥೆಗಳಲ್ಲಿ ನಡೆಸುವ ಮುಕ್ತ ಯೋಜನೆ 'ಮೋನೊ'ವನ್ನು ವೈನ್ ಬಳಗದ ಕೈಗೇ ಒಪ್ಪಿಸಿತು. 2025ರಲ್ಲಿ ಲೆನೊವೊ ಸ್ಟೀಮ್‌ಓಎಸ್ ಹೊತ್ತ ಯಂತ್ರ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ವಿಂಡೋಸ್ 10ರ ಬೆಂಬಲ ಮುಗಿದ ತಿಂಗಳಲ್ಲೇ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿಗೆ ಶೇ. 3 ದಾಟಿತು, ನವೆಂಬರ್‌ನಲ್ಲಿ ವಾಲ್ವ್ ಹಳೆಯ ಸೋಲಿನ ಹೆಸರನ್ನೇ ಇಟ್ಟು ಹೊಸ ಸ್ಟೀಮ್ ಮಷೀನ್ ಘೋಷಿಸಿತು. ಶೇ. 3 ಚಿಕ್ಕ ಸಂಖ್ಯೆ. ಆದರೆ ಆಟಗಾರರ ಸಂಖ್ಯೆಗಿಂತ ಆಟಗಳ ಆಯುಷ್ಯದಲ್ಲಿ ಆದ ಬದಲಾವಣೆ ದೊಡ್ಡದು. 1990ರ ದಶಕದ 16 ಬಿಟ್ ಪ್ರೋಗ್ರಾಮುಗಳನ್ನು ಇಂದಿನ 64 ಬಿಟ್ ವಿಂಡೋಸ್ ನಡೆಸುವುದೇ ಇಲ್ಲ. ಅವುಗಳಲ್ಲಿ ಅನೇಕ ಲಿನಕ್ಸ್‌ನಲ್ಲಿ ವೈನ್ ಮೂಲಕ ನಡೆಯುತ್ತವೆ. ವಿಂಡೋಸ್‌ಗೆ ಬರೆದ ಮೂರು ದಶಕಗಳ ಕೃತಿಗಳನ್ನು ಮುಂದಿನ ಪೀಳಿಗೆಗೆ ದಾಟಿಸುವ ಕೆಲಸ, ವಿಂಡೋಸ್ ತಯಾರಿಸಿದವರಿಗಿಂತ ಹೆಚ್ಚಾಗಿ ಅದರ ಹೊರಗಿನವರ ಕೈಯಲ್ಲಿದೆ. ನಾಳೆ ವಾಲ್ವ್ ದಾರಿ ಬದಲಿಸಬಹುದು, ಮಾರಾಟವಾಗಬಹುದು. ಲೋಕಿ, ಕೋರೆಲ್‌ಗಳಿಗೆ ಆದದ್ದು ಅದಕ್ಕೆ ಆಗದೆಂದು ಹೇಳಲಾಗದು. ಆದರೆ ಅದು ಕಟ್ಟಿಸಿದ ಪ್ರೋಟಾನ್, ಡಿಎಕ್ಸ್‌ವಿಕೆ, ಕರ್ನಲ್ಲಿನ ಆ ಹೊಸ ಕರೆಗಳು ಯಾವುದೂ ಅದರೊಂದಿಗೆ ಹೋಗಲಾರವು. ಸಾರ್ವಜನಿಕ ಸಂಸ್ಥೆಗಳು ತಂತ್ರಾಂಶಕ್ಕೆ ಹಣ ಕೊಡುವಾಗ ಈ ಇತಿಹಾಸವನ್ನು ಮುಂದಿಟ್ಟುಕೊಳ್ಳಬೇಕು. ತಯಾರಿಸಿದ ಕಂಪನಿ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಮುಚ್ಚಿದ ಮರುದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಮುಖ್ಯ. ಅದನ್ನು ನಿರ್ಧರಿಸುವುದು ಪರವಾನಗಿ, ನಿರ್ಧರಿಸುವ ಸಮಯ ಕೆಲಸ ಶುರುವಾಗುವ ಮೊದಲು.